ಸುತ್ತುನೋಟದ ಸಾಧನಗಳು

ಮಲೆನಾಡಿನಲ್ಲಿದ್ದ ನಮ್ಮ ಹಿರಿಯರ ತೊಟ್ಟಿಯ ಮನೆಯನ್ನು ಬಿಚ್ಚಿಬಿಡುವುದೆಂದು ಕಳೆದ ವರ್ಷ ದಾಯಾದಿಗಳೆಲ್ಲರೂ ಕೂಡಿ ನಿಶ್ಚಯಿಸಿದರು. ಆ ಮನೆಯಲ್ಲಿಯೇ ಹುಟ್ಟಿ ಬೆಳೆದ ನಮ್ಮ ಅಕ್ಕನವರು ಮೈಸೂರಿನಲ್ಲಿ ಹಾಸಿಗೆ ಹಿಡಿದಿದ್ದರು. ಸುದ್ದಿಯನ್ನು ಕೇಳಿ ಅವರು, “ತಮ್ಮಾ, ಒಂದು ಸಲ ತೊಟ್ಟಿಯ ನಡುವೆ ನಿಂತು ಸುತ್ತಲೂ ನೋಡಬೇಕು ಅಂತ ಆಸೆ” ಎಂದರು. ಅವರನ್ನು ಅಲ್ಲಿಗೆ ಕರೆದೊಯ್ಯುವುದು ಅಶಕ್ಯವಾದುದರಿಂದ, ತೊಟ್ಟಿಯನ್ನೇ ಅವರ ಬಳಿಗೆ ತರುವುದೆಂದು ನಾವು ಸಂಕಲ್ಪಿಸಿದೆವು.

ಬಿಡಿ ಚಿತ್ರಗಳಿಂದ ಈ ಕಾರ್ಯವು ಆಗತಕ್ಕದ್ದಲ್ಲ. ಒಂದರಲ್ಲಿ ಕಂಬ, ಇನ್ನೊಂದರಲ್ಲಿ ಜಗಲಿ, ಮತ್ತೊಂದರಲ್ಲಿ ಬಾಗಿಲು ಎಂದಾದರೆ ಅದು ಅಂಧಗಜನ್ಯಾಯವೇ ಸರಿ. ಮನೆಯೆಂಬ ಆನೆಯು ಯಾವುದರಲ್ಲಿಯೂ ಕಾಣದು. ಎಲ್ಲವನ್ನೂ ಒಂದಾಗಿ ಹೆಣೆದ ಚಿತ್ರಕ್ಕೆ ಪ್ಯಾನೊರಾಮಾ ಎಂದು ಹೆಸರು. ‘ಎಲ್ಲ’, ‘ನೋಟ’ ಎಂಬ ಅರ್ಥದ ಎರಡು ಗ್ರೀಕ್ ಪದಗಳ ಸಮಾಸವಿದು. ರಾಬರ್ಟ್ ಬಾರ್ಕರ್ ಎಂಬ ಚಿತ್ರಕಾರನು 1787ರಲ್ಲಿ ಇಂಥ ವರ್ತುಲಚಿತ್ರಕ್ಕೆ ಪೇಟೆಂಟು ಪಡೆದು, 1793ರಲ್ಲಿ ಲಂಡನ್ನಿನ ಲೆಸ್ಟರ್ ಚೌಕದಲ್ಲಿ ಅದಕ್ಕೆಂದೇ ದುಂಡನೆಯ ಕಟ್ಟಡವೊಂದನ್ನು ತೆರೆದನು. ಪ್ರೇಕ್ಷಕರು ನಡುವಿನ ವೇದಿಕೆಯ ಮೇಲೆ ನಿಂತು ಸುತ್ತಲೂ ನೋಡುತ್ತಿದ್ದರು. ನಮ್ಮ ಅಕ್ಕನವರು ಬೇಡಿದುದೂ ಅದನ್ನೇ ಅಲ್ಲವೆ?

ಮೊದಲು ನಾವು ಮೊಬೈಲು ಫೋನಿನಿಂದಲೇ ಯತ್ನಿಸಿದೆವು. ಮನೆಯ ಮುಂದಿನ ಗದ್ದೆ ಗುಡ್ಡಗಳು ನಿರಾಯಾಸವಾಗಿ ಕೂಡಿಕೊಂಡವು. ಆದರೆ ಒಳಗೆ ತೊಟ್ಟಿಯಲ್ಲಿ ನಿಂತು ತಿರುಗಿದಾಗ ಹಲಸಿನ ಕಂಬಗಳು ನಡುವೆ ಮುರಿದಂತೆ ಕಂಡವು. ಒಂದು ಕಂಬವಂತೂ ಎರಡಾಗಿದ್ದಿತು. ಇದರ ಕಾರಣವನ್ನು ವಾಚಕರು ಕುಳಿತಲ್ಲಿಯೇ ಪರೀಕ್ಷಿಸಬಹುದು. ಒಂದು ಕಣ್ಣನ್ನು ಮುಚ್ಚಿ, ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು, ತಲೆಯನ್ನು ಎಡಬಲಗಳಿಗೆ ತಿರುಗಿಸಿದರೆ ಬೆರಳು ಹಿಂದಿನ ಗೋಡೆಯ ಮೇಲೆ ಸರಿದಂತೆ ತೋರುವುದು. ಕತ್ತು ತಿರುಗಿದಾಗ ಕಣ್ಣು ತನ್ನ ಸ್ಥಳವನ್ನು ಬಿಡುವುದೇ ಇದಕ್ಕೆ ಹೇತು. ದೂರದ ಗುಡ್ಡದಲ್ಲಿ ಈ ವ್ಯತ್ಯಾಸವು ಗಣನೆಗೆ ಬಾರದು. ಎರಡು ಮಾರು ದೂರದ ಕಂಬದಲ್ಲಿ ಅದೇ ಅನರ್ಥಕ್ಕೆ ಮೂಲ.

ಅಂಗಡಿಯವರೊಬ್ಬರು ನಮ್ಮ ಕಷ್ಟವನ್ನು ಕೇಳಿ, ಬಹು ಬೆಲೆಯ ಹೊಸ ಕ್ಯಾಮರಾವನ್ನು ತೋರಿಸಿದರು. ನಾವು ಆಸೆಪಟ್ಟದ್ದೂ ಉಂಟು. ಆದರೆ ಕಣ್ಣು ಎಷ್ಟೇ ತೀಕ್ಷ್ಣವಾಗಿರಲಿ, ಅದು ನಿಂತ ಸ್ಥಳದಲ್ಲಿ ನಿಲ್ಲದಿದ್ದರೆ ಫಲವೇನು? ಒಂದೇ ಒತ್ತಿಗೆ ಸುತ್ತಲಿನದೆಲ್ಲವನ್ನೂ ಹಿಡಿಯುವ, ಎರಡು ಲೆನ್ಸುಗಳ ಪುಟ್ಟ ಕ್ಯಾಮರಾಗಳೂ ಇವೆ. ಅವು ಬಹಳ ಸುಲಭ. ಆದರೆ ಎರಡು ಲೆನ್ಸುಗಳು ಎರಡು ಸ್ಥಳಗಳಲ್ಲಿರುವುದರಿಂದ, ಹತ್ತಿರದ ವಸ್ತುಗಳು ಕೂಡುಗೆರೆಯಲ್ಲಿ ಅಲ್ಲಿಯೂ ಒಡೆಯುತ್ತವೆ. ಆದಕಾರಣ ಮನೆಯಲ್ಲಿದ್ದ ಹಳೆಯ ಕ್ಯಾಮರಾವನ್ನೇ ಉಳಿಸಿಕೊಂಡು, ಗಟ್ಟಿಯಾದ ಟ್ರೈಪಾಡಿಗೂ ಅದರ ಮೇಲೆ ಕೂರಿಸುವ ಪ್ಯಾನೊರಾಮಾ ಹೆಡ್ಡಿಗೂ ಹಣವನ್ನು ವ್ಯಯಮಾಡಿದೆವು. ಈ ಹೆಡ್ಡು ಕ್ಯಾಮರಾವನ್ನು ಹಿಂದಕ್ಕೆ ಸರಿಸಿ, ಲೆನ್ಸಿನೊಳಗೆ ಬೆಳಕಿನ ದ್ವಾರವು ಕಾಣುವ ಬಿಂದುವನ್ನು ತಿರುಗುವ ಅಚ್ಚಿನ ಮೇಲೆಯೇ ನಿಲ್ಲಿಸುತ್ತದೆ. ಆ ಬಿಂದುವನ್ನು ಹುಡುಕಲು ಹತ್ತಿರ ಒಂದು, ದೂರ ಒಂದು ಕೋಲನ್ನು ಒಂದೇ ಗೆರೆಯಲ್ಲಿ ನೆಟ್ಟು, ಕ್ಯಾಮರಾವನ್ನು ಎಡಬಲಗಳಿಗೆ ತಿರುಗಿಸಬೇಕು. ಕೋಲುಗಳು ಒಂದನ್ನೊಂದು ಬಿಟ್ಟು ಸರಿಯದ ಸ್ಥಾನವೇ ಯೋಗ್ಯಸ್ಥಾನ. ನಮಗೆ ಇದಕ್ಕೆ ಒಂದು ಮಧ್ಯಾಹ್ನ ಹಿಡಿಯಿತು.

18 ಮಿಲಿಮೀಟರಿನ ಲೆನ್ಸು ಹಾಕಿ, ಕ್ಯಾಮರಾವನ್ನು ಲಂಬವಾಗಿ ನಿಲ್ಲಿಸಿ, 30 ಡಿಗ್ರಿಗೊಂದರಂತೆ ಸುತ್ತಿಗೆ 12 ಚಿತ್ರಗಳನ್ನು ತೆಗೆದೆವು. ಒಂದು ಚಿತ್ರದ ಅಂಚು ಮುಂದಿನದರೊಳಗೆ ಸುಮಾರು ಮೂರರಲ್ಲೊಂದು ಪಾಲು ಸೇರಿರಬೇಕು. ಸಮತಲಕ್ಕೆ ಒಂದು ಸುತ್ತು, ಮೇಲಕ್ಕೆ ಓರೆಯಾಗಿ ಒಂದು, ಕೆಳಕ್ಕೆ ಒಂದು, ನೆತ್ತಿಯ ಆಕಾಶಕ್ಕೆ ಒಂದು ಚಿತ್ರ, ಒಟ್ಟು 37. ತೊಟ್ಟಿಯ ಬಿಸಿಲೂ ಪಡಸಾಲೆಯ ಕತ್ತಲೆಯೂ ಒಂದೇ ಅಳತೆಗೆ ಒಗ್ಗದಿರಲು, ಪ್ರತಿಯೊಂದನ್ನೂ ಮೂರು ಬೆಳಕಿನಲ್ಲಿ ತೆಗೆದು 111 ಮಾಡಿದೆವು. ಬೆಳಕು, ಬಣ್ಣ, ಫೋಕಸ್ಸುಗಳನ್ನು ಕ್ಯಾಮರಾದ ಇಚ್ಛೆಗೆ ಬಿಡದೆ ನಾವೇ ಗೊತ್ತುಪಡಿಸಿದ್ದೆವು. ಇಲ್ಲವಾದರೆ ಒಂದೊಂದು ತುಂಡಿಗೆ ಒಂದೊಂದು ಬಣ್ಣ ಬರುವುದು.

ಇನ್ನು ತಂತ್ರಾಂಶದ ಮಾತು. ಜರ್ಮನಿಯ ಹೆಲ್ಮುಟ್ ಡೆರ್ಷ್ ಎಂಬವರು 1998ರಲ್ಲಿ ಹೊರತಂದ ‘ಪ್ಯಾನೊರಾಮಾ ಟೂಲ್ಸ್’ ಎಂಬುದರಿಂದ ಹುಟ್ಟಿ ಬೆಳೆದವು ಎರಡು: ಪಿಟಿಗುಯಿ ಮತ್ತು ಹ್ಯೂಗಿನ್. ಮೊದಲನೆಯದು ಶೀಘ್ರಗಾಮಿ, ಆದರೆ ಕ್ರಯಕ್ಕೆ ಕೊಳ್ಳತಕ್ಕದ್ದು. ಎರಡನೆಯದು ಸ್ವಲ್ಪ ತಾಳ್ಮೆಯನ್ನು ಬೇಡುವುದಾದರೂ ಉಚಿತ. ನಾವು ತಾಳ್ಮೆಯನ್ನೇ ಆರಿಸಿದೆವು. ಅದು ನೆರೆಯ ಚಿತ್ರಗಳೆರಡರಲ್ಲಿಯೂ ಇರುವ ಸಮಾನ ಬಿಂದುಗಳನ್ನು ಗುರುತಿಸಿ ತುಂಡುಗಳನ್ನು ಜೋಡಿಸುತ್ತದೆ. ಎಲ್ಲಿ ತಪ್ಪಿದರೂ ನಾವು ಕೈಯಾರೆ ತಿದ್ದಬಹುದು. ಸುತ್ತುನೋಟವನ್ನು ಚಪ್ಪಟೆಯಾಗಿ ಹರಡಿದಾಗ ತೊಲೆಗಳು ಬಿಲ್ಲಿನಂತೆ ಬಾಗಿದವು. ಭೂಗೋಲವನ್ನು ನಕಾಶೆಯಾಗಿ ಹರಡಿದಾಗಲೂ ಆಕಾರಗಳು ಕೆಡುತ್ತವಷ್ಟೆ; ಇದೂ ಅದೇ ಬಗೆ. ಪರದೆಯ ಮೇಲೆ ಬೆರಳಿನಿಂದ ತಿರುಗಿಸಿ ನೋಡುವಾಗ ಅವು ಮರಳಿ ನೆಟ್ಟಗಾದವು.

ಚಿತ್ರ ತೆಗೆದ ಮರುವಾರವೇ ಕೆಲಸದವರು ಹೆಂಚುಗಳನ್ನು ಇಳಿಸಿದರು. ಅನಂತರ ಮೈಸೂರಿಗೆ ಹೋಗಿ ಟ್ಯಾಬ್ಲೆಟ್ಟನ್ನು ಅಕ್ಕನವರ ಕೈಗೆ ಕೊಟ್ಟೆವು. ಅವರು ಬಹಳ ಹೊತ್ತು ಮೆಲ್ಲಮೆಲ್ಲನೆ ತಿರುಗಿಸುತ್ತ ಕಂಬಗಳನ್ನು ಎಣಿಸಿದರು. ದೇವರ ಕೋಣೆಯ ಬಾಗಿಲ ಬಳಿ ನಿಲ್ಲಿಸಿದರು. ಕೊನೆಗೆ ಚಿತ್ರವನ್ನು ಕೆಳಕ್ಕೆ ಎಳೆದು, “ಎಲ್ಲಾ ಇದೆ ತಮ್ಮಾ. ನಾನು ದಿನಾ ರಂಗೋಲಿ ಹಾಕುತ್ತಿದ್ದ ಜಾಗ ಎಲ್ಲಿ?” ಎಂದು ಕೇಳಿದರು.

ಅಲ್ಲಿ ಕಪ್ಪು ವೃತ್ತವೊಂದಿದ್ದಿತು. ಆ ಜಾಗದ ಮೇಲೆಯೇ ನಾವು ಟ್ರೈಪಾಡನ್ನು ಊರಿದ್ದೆವು. ಅದನ್ನು ಪಕ್ಕಕ್ಕೆ ಸರಿಸಿ, ನೆಲದ ಚಿತ್ರವೊಂದನ್ನು ಬೇರೆಯಾಗಿ ತೆಗೆದಿದ್ದರೆ ತಂತ್ರಾಂಶವು ಅದನ್ನು ಅಲ್ಲಿಗೆ ಹೊಂದಿಸಿಕೊಳ್ಳುತ್ತಿತ್ತು. ಆ ಒಂದು ಚಿತ್ರವನ್ನು ಮರೆತಿದ್ದೆವು. ಮನೆಯು ಆಗಲೇ ಇರಲಿಲ್ಲ. ಅಕ್ಕನವರು ನಮ್ಮ ಮುಖವನ್ನು ನೋಡಿ, “ಹೋಗಲಿ ಬಿಡು, ಅದು ನನಗೆ ನೆನಪಿದೆ” ಎಂದು, ಮತ್ತೆ ಕಂಬಗಳ ಕಡೆಗೆ ತಿರುಗಿಸಿದರು.

ಹಳೆಯ ಮನೆಗಳುಳ್ಳ ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೆ. ಕ್ಯಾಮರಾ ಯಾವುದಾದರೂ ಆಗಲಿ, ಅಚ್ಚು ಸರಿಯಾಗಿರಲಿ. ಹೊರಡುವ ಮುನ್ನ ನಿಂತ ನೆಲದ ಚಿತ್ರವನ್ನೂ ತೆಗೆದುಕೊಳ್ಳಿರಿ.