ಪ್ರೋಟೀನಿನ ಅಳತೆಯೂ ತ್ರೈರಾಶಿಕವೂ

ಪ್ರೋಟೀನಿಗೆ ಕನ್ನಡದ ಹಳೆಯ ಪಠ್ಯಪುಸ್ತಕಗಳು ಇಟ್ಟ ಹೆಸರು ಸಸಾರಜನಕ. ಸಾರಜನಕದೊಡನೆ ಕೂಡಿದುದು ಎಂದು ಅರ್ಥ. ಅದನ್ನು ಅಳೆಯುವ ಹಳೆಯ ಕ್ರಮವೂ ಈ ಹೆಸರಿನಂತೆಯೇ ಇತ್ತು. ಡೆನ್ಮಾರ್ಕಿನ ಕೆಲ್ಡಾಲನು 1883ರಲ್ಲಿ ಪ್ರಕಟಿಸಿದ ವಿಧಾನದಿಂದ ಸಾರಜನಕವನ್ನು ಅಳೆದು, ಬಂದ ತೂಕವನ್ನು 6.25ರಿಂದ ಗುಣಿಸಿ ಪ್ರೋಟೀನನ್ನು ಅಂದಾಜು ಮಾಡುವರು. ಆದರೆ ಸಾರಜನಕವುಳ್ಳುದೆಲ್ಲವೂ ಪ್ರೋಟೀನಲ್ಲವಷ್ಟೆ.

ಇಂದಿನ ಪ್ರಯೋಗಶಾಲೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಬಣ್ಣದ ಮಾರ್ಗ. ಅಂಥವುಗಳಲ್ಲಿ ಒಂದನ್ನು ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯದ ಮೇರಿಯನ್ ಬ್ರಾಡ್‌ಫರ್ಡ್ 1976ರಲ್ಲಿ ಪ್ರಕಟಿಸಿದರು. ಅದರಲ್ಲಿ ಬಳಸುವುದು ಕೂಮಾಸಿ ಎಂಬ, ಮೊದಲು ಉಣ್ಣೆಗೆ ಹಾಕುತ್ತಿದ್ದ ಬಣ್ಣ. (ಇಂದಿನ ಘಾನಾ ದೇಶದ ಕುಮಾಸಿ ನಗರದ ಹೆಸರು ಆಂಗ್ಲರ ಬಾಯಲ್ಲಿ ಹೀಗಾಯಿತು.) ಆಮ್ಲದಲ್ಲಿ ಕೆಂಗಂದಾಗಿರುವ ಈ ಬಣ್ಣ ಪ್ರೋಟೀನು ಸೋಕಿದೊಡನೆ ನೀಲಿಗೆ ತಿರುಗುವುದು. ಆ ನೀಲಿಯ ದಟ್ಟತೆಯನ್ನು 595 ನ್ಯಾನೋಮೀಟರ್ ತರಂಗಾಂತರದ ಬೆಳಕಿನಲ್ಲಿ ವರ್ಣಮಾಪಕವು ಅಂಕಿಯಾಗಿ ತೋರಿಸುವುದು.

ಯಂತ್ರವು ಹೇಳುವುದು ನೀಲಿಯನ್ನು ಮಾತ್ರ, ಪ್ರೋಟೀನಿನ ತೂಕವನ್ನಲ್ಲ. ಅದಕ್ಕಾಗಿ ಮಾನಕರೇಖೆ ಬೇಕು. ತೂಕ ತಿಳಿದ ಪ್ರೋಟೀನಿನಿಂದ, ಸಾಮಾನ್ಯವಾಗಿ ದನದ ರಕ್ತದಿಂದ ತೆಗೆದ ಆಲ್ಬುಮಿನ್‌ನಿಂದ, ಮಿಲಿಲೀಟರಿಗೆ 0.2, 0.4, 0.6, 0.8, 1 ಮಿಲಿಗ್ರಾಂ ಇರುವ ದ್ರವಗಳನ್ನು ಸಿದ್ಧಗೊಳಿಸುವರು. ಪ್ರೋಟೀನೇ ಇಲ್ಲದ ಒಂದು ಪ್ರನಾಳವೂ ಜೊತೆಗಿರಬೇಕು; ಅದು ಸೊನ್ನೆಯ ಸ್ಥಾನ. ಪ್ರತಿಯೊಂದರ ಅಂಕಿಯನ್ನೂ ಗ್ರಾಫ್ ಕಾಗದದಲ್ಲಿ ಗುರುತಿಸಿ ರೇಖೆ ಎಳೆದರೆ, ಅಳೆಯಬೇಕಾದ ದ್ರವದ ನೀಲಿ ಎಷ್ಟು ಪ್ರೋಟೀನಿಗೆ ಸಮವೆಂದು ಅದರ ಮೇಲೆ ಓದಿಕೊಳ್ಳಬಹುದು.

ಲೀಲಾವತಿಯ ಗಣಿತವನ್ನು ಬಲ್ಲವರು ಇಲ್ಲಿ ತ್ರೈರಾಶಿಕಕ್ಕೆ ಕೈಹಾಕುವುದು ಸಹಜ: ಇಷ್ಟು ನೀಲಿಗೆ ಇಷ್ಟು, ಅದರ ಎರಡರಷ್ಟಕ್ಕೆ ಇದರ ಎರಡರಷ್ಟು. ಆದರೆ ಈ ರೇಖೆ ಮೇಲೇರಿದಂತೆ ಬಾಗುವುದು. ಕೊನೆಯ ಬಿಂದುವಿನಾಚೆಗೆ ಅದನ್ನು ಕೈಯಾರೆ ಎಳೆದು ಉತ್ತರ ಹೇಳುವುದು ಲೆಕ್ಕವಲ್ಲ, ಊಹೆ. ದ್ರವವು ರೇಖೆಯನ್ನು ಮೀರಿದರೆ ದ್ರವವನ್ನೇ ನೀರು ಬೆರೆಸಿ ತೆಳುಗೊಳಿಸಬೇಕು. ತ್ರೈರಾಶಿಕಕ್ಕೆ ನಿಜವಾದ ಅಧಿಕಾರವಿರುವುದು ಇಲ್ಲಿ, ತೆಳುಗೊಳಿಸಿದ್ದನ್ನು ಮರಳಿ ಗುಣಿಸುವಲ್ಲಿ.

ರಕ್ತದ ಸೀರಂ ಅನ್ನೇ ನೋಡಬಹುದು. 1 ಭಾಗ ಸೀರಂಗೆ 9 ಭಾಗ ನೀರು ಸೇರಿಸಿ, ಆ ಮಿಶ್ರಣದ 1 ಭಾಗಕ್ಕೆ ಮತ್ತೆ 9 ಭಾಗ ನೀರು ಸೇರಿಸಿದರೆ ಅದು ನೂರು ಪಟ್ಟು ತೆಳುವಾಗುವುದು. ರೇಖೆಯ ಮೇಲೆ 0.7 ಮಿಲಿಗ್ರಾಂ ಎಂದು ಬಂದರೆ ಮೂಲದಲ್ಲಿರುವುದು ಮಿಲಿಲೀಟರಿಗೆ 70 ಮಿಲಿಗ್ರಾಂ, ಎಂದರೆ 100 ಮಿಲಿಲೀಟರಿಗೆ 7 ಗ್ರಾಂ. ಆರೋಗ್ಯವಂತರಲ್ಲಿ ಇದು ಸುಮಾರು 6ರಿಂದ 8 ಗ್ರಾಂ. ಹತ್ತು ಹತ್ತುಗಳನ್ನು ಗುಣಿಸದೆ ಕೂಡಿ ಇಪ್ಪತ್ತೆಂದವನಿಗೆ ಸಿಗುವುದು 1.4 ಗ್ರಾಂ! ಇಂಥ ತಪ್ಪು ಕಣ್ಣಿಗೆ ಹೊಡೆಯುವುದರಿಂದ ಬೇಗ ಸಿಕ್ಕಿಬೀಳುವುದು.

ಸಿಕ್ಕಿಬೀಳದ ತಪ್ಪು ಇನ್ನೊಂದುಂಟು; ಅದು ಗಣಿತದ್ದಲ್ಲ, ಮಾತಿನದು. 'ಒಂದಕ್ಕೆ ಹತ್ತು' ಎಂದರೆ ಒಟ್ಟು ಹತ್ತು ಭಾಗವೋ, ನೀರೇ ಹತ್ತು ಭಾಗವೋ? ಒಬ್ಬನು ಎರಡು ಬಾರಿಯೂ ಹತ್ತು ಭಾಗ ನೀರು ಹಾಕಿದರೆ ದ್ರವ 121 ಪಟ್ಟು ತೆಳುವಾಗುವುದು. ಇನ್ನೊಬ್ಬನು ಅದನ್ನು ನೂರೆಂದು ತಿಳಿದು ಗುಣಿಸಿದರೆ 7 ಗ್ರಾಂ ಇದ್ದದ್ದು 5.8 ಗ್ರಾಂ ಆಗಿ ಬರೆಯಲ್ಪಡುವುದು. ಆರೋಗ್ಯವಂತನು ಕಾಗದದ ಮೇಲೆ ರೋಗಿಯಾದನು. ಅಂಕಿ ಅಸಂಭವವಾಗಿ ಕಾಣದ ಕಾರಣ ಯಾರೂ ಪ್ರಶ್ನಿಸರು. ಆದುದರಿಂದ ಪ್ರಯೋಗದ ಪುಸ್ತಕದಲ್ಲಿ '1 ಭಾಗ ದ್ರವ, 9 ಭಾಗ ನೀರು, ಒಟ್ಟು 10' ಎಂದು ಬಿಡಿಸಿ ಬರೆಯುವುದೇ ಸರಿ. ವಿಜ್ಞಾನದ ವಿದ್ಯಾರ್ಥಿಗೆ ಭಾಷೆ ಬೇಡವೆನ್ನುವವರು ಇದನ್ನು ಗಮನಿಸಬೇಕು.

ಎಚ್ಚರವುಳ್ಳವರು ಒಂದೇ ದ್ರವವನ್ನು 100 ಪಟ್ಟು, 200 ಪಟ್ಟು ಹೀಗೆ ಬೇರೆ ಬೇರೆಯಾಗಿ ತೆಳುಗೊಳಿಸಿ ಅಳೆಯುವರು. ಮರಳಿ ಗುಣಿಸಿದಾಗ ಎರಡೂ ಹೆಚ್ಚು ಕಡಮೆ ಒಂದೇ ಆಗಬೇಕು. ಆಗದಿದ್ದರೆ ಅಳತೆಯ ಕೊಳವೆ ತಪ್ಪಿರಬಹುದು, ಇಲ್ಲವೆ ಪಾತ್ರೆ ತೊಳೆದ ಮಾರ್ಜಕದ ಅಂಶ ಉಳಿದು ಬಣ್ಣವನ್ನು ಕೆಡಿಸಿರಬಹುದು. ಆಗ ಎರಡರ ಸರಾಸರಿ ತೆಗೆದು ಸಮಾಧಾನ ಪಡದೆ, ಪಾತ್ರೆಗಳನ್ನು ಮತ್ತೆ ತೊಳೆದು, ಅದೇ ದಿನ ಹೊಸ ಮಾನಕರೇಖೆಯನ್ನು ಎಳೆದು ಮೊದಲಿನಿಂದ ಅಳೆಯುವರು.