ಒಂದೇ ಬುಟ್ಟಿಯ ಬುತ್ತಿ

ಮಕ್ಕಳು ಸಂಸ್ಕಾರವಂತರಾಗಬೇಕೆಂಬುದು ಎಲ್ಲ ತಂದೆ-ತಾಯಿಗಳ ಹಂಬಲ. ಅದಕ್ಕಾಗಿ ಪುಸ್ತಕ ಕೊಡಿಸುತ್ತೇವೆ, ವಚನಗಳನ್ನು ಕಂಠಪಾಠ ಮಾಡಿಸುತ್ತೇವೆ. ಇವೆಲ್ಲ ಬೇಕಾದುವೇ. ಆದರೆ ಹತ್ತು ಮನೆಗಳ ಮಕ್ಕಳು ಒಂದುಗೂಡಿ ಊರ ಹೊರಗೆ ಒಂದು ದಿನ ಕಳೆದಾಗ ಕಲಿಯುವುದನ್ನು ಮನೆಯೊಳಗೆ ಕಲಿಸುವುದು ಕಷ್ಟವೆಂಬುದು ನನ್ನ ಅನುಭವ.

ಸಾಮೂಹಿಕ ಪ್ರವಾಸ ನಮ್ಮವರಿಗೆ ಹೊಸದಲ್ಲ. ಎಳ್ಳ ಅಮಾವಾಸ್ಯೆಯಂದು ಚಕ್ಕಡಿ ಹೂಡಿಕೊಂಡು ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಹೊಲವಿಲ್ಲದ ನೆರೆಯವರನ್ನೂ ಕರೆದು ಉಣ್ಣುವುದು ಉತ್ತರ ಕರ್ನಾಟಕದ ರೂಢಿ. ಉಳವಿಯ ಚನ್ನಬಸವಣ್ಣನವರ ಜಾತ್ರೆಗೆ ಧಾರವಾಡ, ಬೆಳಗಾವಿ ಸೀಮೆಯ ಚಕ್ಕಡಿಗಳು ಇಂದಿಗೂ ಸಾಲುಗಟ್ಟಿ ಸಾಗುತ್ತವೆ. ಆದರೆ ದಿನನಿತ್ಯದ ಬದುಕಿನಲ್ಲಿ ಆ ಒಡನಾಟ ಕ್ಷೀಣಿಸಿದೆ. ಒಂದೇ ಓಣಿಯ ಮಕ್ಕಳು ಬೇರೆ ಬೇರೆ ಶಾಲೆಗಳ ವಾಹನವೇರಿ ಹೋಗುತ್ತಾರೆ. ಒಬ್ಬರ ಹೆಸರು ಮತ್ತೊಬ್ಬರಿಗೆ ತಿಳಿಯದು.

ಈ ಕೊರತೆಯನ್ನು ನೀಗಲೆಂದೇ ನಮ್ಮೂರ ಹಿರಿಯರೂ ತಾಯಂದಿರೂ ಸೇರಿ ಆರರಿಂದ ಹತ್ತು ವರ್ಷದ ಮಕ್ಕಳನ್ನು ವರ್ಷಕ್ಕೊಮ್ಮೆ ಕೂಡಲಸಂಗಮಕ್ಕೆ ಕರೆದೊಯ್ಯುತ್ತಾರೆ. ನಾನೂ ಜೊತೆಗಿರುತ್ತೇನೆ. ಕೃಷ್ಣಾ-ಮಲಪ್ರಭೆಯರು ಕೂಡುವ ಆ ತಾಣಕ್ಕೆ ನಾರಾಯಣಪುರ ಜಲಾಶಯದ ಹಿನ್ನೀರು ಬಂದಾಗ, ಬಸವಣ್ಣನವರ ಐಕ್ಯಸ್ಥಳವನ್ನು ಸುತ್ತಲೂ ಬಾವಿಯಂತೆ ಗೋಡೆ ಕಟ್ಟಿ ಉಳಿಸಿಕೊಂಡಿದ್ದಾರೆ. ಮೆಟ್ಟಿಲಿಳಿದು ದರ್ಶನ ಪಡೆಯಬೇಕು. ಒಮ್ಮೆ ಒಬ್ಬ ಬಾಲಕ ಗೋಡೆಯನ್ನು ಮುಟ್ಟಿ, "ಅಜ್ಜಾರ, ಹೊರಗ ಇಷ್ಟ ನೀರ ಐತಿ, ಒಳಗ ಯಾಕ ಬರವಲ್ದು?" ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಒಬ್ಬ ಬಾಲಕಿ, "ಗ್ವಾಡಿ ದಪ್ಪ ಐತಿ, ಗಟ್ಟಿ ಕಟ್ಟ್ಯಾರ. ನಮ್ಮಪ್ಪ ಗೌಂಡಿ ಅದಾನ, ನನಗ ಗೊತ್ತೈತಿ" ಎಂದಳು. ಉಳಿದ ಮಕ್ಕಳು ಅವಳನ್ನು ಗೌರವದಿಂದ ನೋಡಿದರು. ಕಾಯಕದ ಹಿರಿಮೆಯನ್ನು ಕುರಿತು ನಾನು ಮಾಡಬಹುದಾಗಿದ್ದ ಉಪನ್ಯಾಸ ಅಲ್ಲಿಗೇ ಮುಗಿದಿತ್ತು.

ಮಧ್ಯಾಹ್ನ ಎಲ್ಲರೂ ಬುತ್ತಿ ಬಿಚ್ಚಿದರು. ಕೆಲವರದರಲ್ಲಿ ಶೇಂಗಾ ಹೋಳಿಗೆ, ಕೆಲವರದರಲ್ಲಿ ಪೂರಿ. ಅದೇ ಬಾಲಕಿ ಮಾತ್ರ ತನ್ನ ಗಂಟನ್ನು ಮಡಿಲಲ್ಲಿ ಅವಿತಿಟ್ಟುಕೊಂಡು ಹಸಿವಿಲ್ಲವೆಂದಳು. ಇದನ್ನು ಗಮನಿಸಿದ ತಾಯಿಯೊಬ್ಬರು ಏನೊಂದೂ ಕೇಳದೆ, ಎಲ್ಲರ ಬುತ್ತಿಯನ್ನೂ ಒಂದೇ ಬುಟ್ಟಿಗೆ ಹಾಕಿಸಿ ಸಾಲಾಗಿ ಬಡಿಸಿದರು. ಆ ಮಗುವಿನ ಮನೆಯ ಜೋಳದ ರೊಟ್ಟಿ, ಕೆಂಪು ಚಟ್ನಿಗಳೇ ಮೊದಲು ಖಾಲಿಯಾದುವು! ಅಂದಿನಿಂದ ನಮ್ಮೂರಲ್ಲಿ ಅದೇ ಪದ್ಧತಿ.

ಅಂಬಿಗರ ಚೌಡಯ್ಯ, ಮಡಿವಾಳ ಮಾಚಿದೇವ, ನುಲಿಯ ಚಂದಯ್ಯ ಮೊದಲಾದ ಕಾಯಕಜೀವಿಗಳು ಸಮಾನರಾಗಿ ಕೂಡಿದ ಪರಂಪರೆ ನಮ್ಮದು. ನಮ್ಮಲ್ಲೇ ಒಳಪಂಗಡಗಳ ಹೆಸರಿನಲ್ಲಿ, ಸಿರಿತನದ ಹೆಸರಿನಲ್ಲಿ ಪಂಕ್ತಿಗಳು ಬೇರೆಯಾದರೆ ಆ ಪರಂಪರೆ ಬರಿಯ ಮಾತಾಗಿ ಉಳಿದೀತು. ಎಳವೆಯಲ್ಲಿ ಒಂದೇ ಬುಟ್ಟಿಯಿಂದ ಉಂಡವರಿಗೆ ಮುಂದೆ ಭೇದವೆಣಿಸುವುದು ಸುಲಭವಾಗದು.

ಪ್ರವಾಸ ಹೊರಡಿಸುವವರು ಕೆಲವು ಸಂಗತಿಗಳನ್ನು ನೆನಪಿಡಬೇಕು. ದಿನಕ್ಕೆ ಒಂದೇ ಸ್ಥಳ ಸಾಕು. ಓಡಿಸಿ ನೋಡಿಸಿದ್ದು ಮನಸ್ಸಿನಲ್ಲಿ ನಿಲ್ಲದು. ನದಿಯ ದಡದಲ್ಲಿ ಐದಾರು ಮಕ್ಕಳಿಗೆ ಒಬ್ಬ ಹಿರಿಯರಾದರೂ ಕಾವಲಿರಲಿ. ಖರ್ಚು ಕೊಡಲಾರದ ಮನೆಯ ಮಗುವೂ ಬರುವಂತೆ, ಯಾರಿಗೂ ತಿಳಿಯದ ಹಾಗೆ ವ್ಯವಸ್ಥೆಯಾಗಲಿ. ಬಡಿಸುವ ಕೆಲಸವನ್ನೂ ಎಲೆ ಎತ್ತುವ ಕೆಲಸವನ್ನೂ ಮಕ್ಕಳೇ ಸರದಿಯಂತೆ ಮಾಡಲಿ. ದಾಸೋಹವೆಂಬ ಪದದ ಅರ್ಥ ಅವರಿಗೆ ಆಗ ತಾನಾಗಿಯೇ ತಿಳಿಯುತ್ತದೆ.