ಪಂಪಿನ ಬಿಸಿ

2022ರ ಏಪ್ರಿಲ್‌ನಲ್ಲಿ ಉಡುಪಿಯಿಂದ ಮರಳುವಾಗ ಆಗುಂಬೆ ಘಾಟಿಯ ಏರಿನಲ್ಲಿ ಮಗನ ಡೀಸೆಲ್ ಕಾರು ಒಮ್ಮೆಗೇ ಸೊರಗಿತು. ಹಿಂದೆ ಕಪ್ಪು ಹೊಗೆ, ಮುಂದೆ ಬುಸುಗುಡುವ ಸದ್ದು. ತೆವಳುತ್ತ ತೀರ್ಥಹಳ್ಳಿ ಸೇರಿ ಗ್ಯಾರೇಜೊಂದರ ಮುಂದೆ ನಿಂತೆವು. ಬಾನೆಟ್ ಎತ್ತಲು ಬಂದವನು ನನ್ನನ್ನು ಕಂಡು, ಕೈ ಒರೆಸಿಕೊಂಡು ನಮಸ್ಕರಿಸಿದ. ನನ್ನ ಹಳೆಯ ವಿದ್ಯಾರ್ಥಿ, ಹಿಂದಿನ ಬೆಂಚಿನವನು.

ಟರ್ಬೊದಿಂದ ಇಂಟರ್‌ಕೂಲರಿಗೆ ಗಾಳಿ ಒಯ್ಯುವ ರಬ್ಬರ್ ಕೊಳವೆ ಸೀಳಿತ್ತು. ಅದನ್ನು ಬದಲಿಸಿ, ಒಂದು ಸುತ್ತು ಓಡಿಸಿ ಬಂದು, ಎರಡೂ ಬದಿಯ ಕೊಳವೆಗಳನ್ನು ಮುಟ್ಟಿನೋಡಲು ಹೇಳಿದ. ಟರ್ಬೊ ಕಡೆಯದು ಬೆರಳು ನಿಲ್ಲದಷ್ಟು ಬಿಸಿ. ಎಂಜಿನ್ ಕಡೆಯದು ಬರೀ ಬೆಚ್ಚಗೆ.

“ಸಾರ್, ಸೈಕಲ್ ಪಂಪಿನ ತುದಿ ಯಾಕೆ ಬಿಸಿಯಾಗುತ್ತೆ ಅಂತ ಪರೀಕ್ಷೇಲಿ ಕೇಳಿದ್ರಿ. ಗಾಳಿ ಅದುಮಿದ್ದಕ್ಕೆ ಅಂತ ಬರೆದೆ. ಘರ್ಷಣೆ ಅಂತ ತಿದ್ದಿ ಗೀಟು ಹಾಕಿದ್ರಿ,” ಎಂದ. ದನಿಯಲ್ಲಿ ಕುಹಕವಿರಲಿಲ್ಲ.

ಘರ್ಷಣೆಯ ಪಾಲು ಅಲ್ಪ. ಗಾಳಿಯನ್ನು ಅದುಮಲು ನಾವು ಮಾಡುವ ಕೆಲಸವೇ ಅದರಲ್ಲಿ ಶಾಖವಾಗಿ ಸೇರುತ್ತದೆ. 30 ಡಿಗ್ರಿಯ ಗಾಳಿಯನ್ನು ಇಮ್ಮಡಿ ಒತ್ತಡಕ್ಕೆ ಏರಿಸಿದರೆ, ನಷ್ಟವೇ ಇಲ್ಲದ ಯಂತ್ರದಲ್ಲೂ ಅದು 95 ಡಿಗ್ರಿ ದಾಟುತ್ತದೆ. ನಿಜವಾದ ಟರ್ಬೊದಲ್ಲಿ 120ರ ಆಸುಪಾಸು. ಬಿಸಿಗಾಳಿ ಹಿಗ್ಗುವುದರಿಂದ ಸಿಲಿಂಡರಿಗೆ ಸೇರುವ ಗಾಳಿ ಒಂದೂವರೆ ಪಟ್ಟು ಮಾತ್ರ. 50 ಡಿಗ್ರಿಗೆ ತಣಿಸಿದರೆ ಸುಮಾರು 1.9 ಪಟ್ಟು. ರೇಡಿಯೇಟರಿನಂತಹ ಆ ಪೆಟ್ಟಿಗೆಯ ಕೆಲಸ ಇದೇ. ಕೆಲವು ಕಾರುಗಳಲ್ಲಿ ಎದುರುಗಾಳಿಯ ಬದಲು ನೀರು ಈ ಶಾಖವನ್ನು ಒಯ್ಯುತ್ತದೆ.

ಪೆಟ್ರೋಲ್ ಎಂಜಿನ್ನಿಗಂತೂ ಬಿಸಿಗಾಳಿ ಅಪಾಯವೇ. ಇಂಧನ ಅಕಾಲದಲ್ಲಿ ಸಿಡಿದು ಎಂಜಿನ್ ಬಡಿಯತೊಡಗುತ್ತದೆ. 1962ರಲ್ಲಿ ಅಮೆರಿಕದಲ್ಲಿ ಬಂದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಕಾರಿಗೆ ಇಂಟರ್‌ಕೂಲರ್ ಇರಲಿಲ್ಲ. ನೀರು, ಮೆಥನಾಲ್ ಬೆರೆಸಿದ ದ್ರವವನ್ನು ಒಳಹೋಗುವ ಗಾಳಿಗೆ ಚಿಮುಕಿಸುತ್ತಿದ್ದರು. ದ್ರವ ಆವಿಯಾಗುತ್ತ ಶಾಖವನ್ನು ಹೀರುತ್ತದೆ. ನಮ್ಮ ಮಣ್ಣಿನ ಹೂಜಿಯ ವಿದ್ಯೆಯೇ. ಆದರೆ ಆ ದ್ರವವನ್ನು ತುಂಬಿಸಲು ಒಡೆಯರು ಮರೆಯುತ್ತಿದ್ದರು. 1963ರ ನಂತರ ಆ ಮಾದರಿ ನಿಂತುಹೋಯಿತು. (ಹೂಜಿಯ ಪಾಠವನ್ನಾದರೂ ನಾನು ಸರಿಯಾಗಿ ಹೇಳಿದ್ದೆನೆಂದು ನಂಬಿದ್ದೇನೆ.)

ಕೂಲಿ ಬೇಡವೆಂದ, ಒತ್ತಾಯದಿಂದ ಕೊಟ್ಟೆ. ಎಷ್ಟು ಅಂಕದ ಪ್ರಶ್ನೆಯಾಗಿತ್ತಪ್ಪ ಎಂದು ಕೇಳಿದೆ.

“ಎರಡು, ಸಾರ್.”

ಆ ವರ್ಷ ಅವನು ವಿಜ್ಞಾನದಲ್ಲಿ ಪಾಸಾಗಿದ್ದನೇ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.